ಚೈನ್‌ಸಾ ಮೂತಿಯ ಮುಳ್ಳುಗಳು: ಯಾಕೆ ಬೇಕು, ಎಷ್ಟು ಸಾಕು

ಚೈನ್‌ಸಾ ಕೊಳ್ಳುವವರು ಮೊದಲು ಕೇಳುವುದು ಬಾರ್, ಅಂದರೆ ಚೈನ್ ಸುತ್ತ ಓಡುವ ಉದ್ದನೆಯ ಪಟ್ಟಿ, ಎಷ್ಟು ಇಂಚು, ಎಂಜಿನ್ ಎಷ್ಟು ಸಿಸಿ ಅಂತ. ಬಾರ್ ಬುಡದಲ್ಲಿ, ಎಂಜಿನ್ನಿನ ಮೂತಿಗೆ ಕೂತಿರುವ ಆ ಮುಳ್ಳಿನ ಪಟ್ಟಿಯ ಬಗ್ಗೆ ಯಾರೂ ಕೇಳುವುದಿಲ್ಲ. ಕೇಳಿದರೂ "ಇದನ್ನು ಬಿಚ್ಚಿಡಬಹುದಾ, ಪ್ಯಾಂಟಿಗೆ ಸಿಕ್ಕಿಹಾಕಿಕೊಳ್ಳುತ್ತೆ" ಅಂತಲೋ, "ಇದಕ್ಕಿಂತ ದೊಡ್ಡದು ಸಿಗುತ್ತಾ" ಅಂತಲೋ ಕೇಳುತ್ತಾರೆ. ಎರಡೂ ಪ್ರಶ್ನೆಗೆ ನಾನು ತಿರುಗಿ ಕೇಳುವುದು ಒಂದೇ: ನೀವು ಜಾಸ್ತಿ ಏನು ಕೊಯ್ಯುತ್ತೀರಿ?

ನಾನು ಮರವನ್ನೂ ಕೊಯ್ಯುತ್ತೇನೆ, ಬೇರೆಯವರ ಮಿಷನ್ ಬೆಂಚಿನ ಮೇಲಿಟ್ಟು ರಿಪೇರಿಯನ್ನೂ ಮಾಡುತ್ತೇನೆ. ಒಂದು ಮಿಷನ್ ಬೆಂಚಿಗೆ ಬಂದರೆ ಚೈನ್ ನೋಡಿದ ಮೇಲೆ ನನ್ನ ಕಣ್ಣು ಹೋಗುವುದು ಈ ಮುಳ್ಳಿನ ಪಟ್ಟಿ, ಅಂದರೆ ಸ್ಪೈಕ್ ಮೇಲೆ. ಮೊನೆ ಹೊಳೆಯುತ್ತಿದೆಯಾ, ಮೊಂಡಾಗಿದೆಯಾ, ಒಂದು ಕಡೆಗೆ ಬಾಗಿದೆಯಾ, ಇಲ್ಲಾ ಬಣ್ಣ ಕೂಡ ಹೋಗದೆ ಹೊಸದರ ಹಾಗೇ ಇದೆಯಾ. ಬಣ್ಣ ಹಾಗೇ ಇದ್ದರೆ ಆ ಮನುಷ್ಯ ಇಷ್ಟು ದಿನ ಬರೀ ತೋಳಿನ ಬಲದಲ್ಲಿ ಕೊಯ್ದಿದ್ದಾನೆ ಅಂತ ಅರ್ಥ. ಮೊನೆ ಬಾಗಿದ್ದರೆ ಮೊಂಡು ಚೈನಿಗೆ ಬಲ ಕೊಟ್ಟು ದಬ್ಬಿದ್ದಾನೆ. ಹತ್ತಕ್ಕೆ ಎಂಟು ಸಲವಾದರೂ ಈ ಊಹೆ ಸರಿ ಇರುತ್ತದೆ.

ಅದು ಮಾಡುವ ಕೆಲಸ

ಮೊದಲು ಚೈನ್ ಯಾವ ಕಡೆಗೆ ಓಡುತ್ತದೆ ನೋಡಿ. ಬಾರ್‌ನ ಮೇಲ್ಬದಿಯಲ್ಲಿ ಚೈನ್ ಎಂಜಿನ್ ಕಡೆಯಿಂದ ತುದಿಯ ಕಡೆಗೆ ಹೋಗುತ್ತದೆ. ತುದಿಯಲ್ಲಿ ಸುತ್ತು ಹಾಕಿ ಕೆಳಬದಿಯಲ್ಲಿ ವಾಪಸ್ ಎಂಜಿನ್ ಕಡೆಗೆ ಬರುತ್ತದೆ. ನಾವು ಸಾಮಾನ್ಯವಾಗಿ ಕೊಯ್ಯುವುದು ಈ ಕೆಳಬದಿಯಿಂದ. ಚೈನಿನ ಹಲ್ಲು ಮರವನ್ನು ಕಚ್ಚಿ ತನ್ನ ಕಡೆಗೆ ಎಳೆಯುತ್ತದೆ. ಮರ ಅಲ್ಲಾಡುವುದಿಲ್ಲ, ಹಾಗಾಗಿ ಮಿಷನ್ನೇ ಮುಂದಕ್ಕೆ, ಮರದ ಕಡೆಗೆ ನುಗ್ಗುತ್ತದೆ.

ಆ ನುಗ್ಗುವಿಕೆ ಸಣ್ಣದಲ್ಲ. ಲೆಕ್ಕ ಹಾಕಿ ನೋಡಿ. 3/8 ಇಂಚಿನ ಪಿಚ್ (ಕೊಂಡಿಗಳ ಅಳತೆ) ಚೈನ್, ಅದನ್ನು ಓಡಿಸುವ 7 ಹಲ್ಲಿನ ಚಕ್ರ, ಅಂದರೆ ಸ್ಪ್ರಾಕೆಟ್ ಇದ್ದರೆ ಎಂಜಿನ್ ಒಂದು ಸುತ್ತು ತಿರುಗುವಷ್ಟರಲ್ಲಿ ಚೈನ್ ಸುಮಾರು 13.3 ಸೆಂ.ಮೀ. ಸರಿಯುತ್ತದೆ. ನಿಮಿಷಕ್ಕೆ 10,000 ಸುತ್ತು ಅಂದರೆ ಸೆಕೆಂಡಿಗೆ 22 ಮೀಟರ್, ಗಂಟೆಗೆ 80 ಕಿ.ಮೀ. ವೇಗ. ಅಷ್ಟು ವೇಗದ ಹಲ್ಲು ಮರಕ್ಕೆ ತಾಗಿದ ಆ ಗಳಿಗೆಯಲ್ಲಿ ಮಿಷನ್ ಮೂತಿಗೂ ಮರಕ್ಕೂ ನಡುವೆ ನಾಲ್ಕು ಬೆರಳಿನ ಅಂತರ ಇದ್ದರೆ ಏನಾಗುತ್ತದೆ? ಆ ನಾಲ್ಕು ಬೆರಳನ್ನೂ ಮಿಷನ್ ಒಂದೇ ಏಟಿಗೆ ದಾಟಿ ಮರಕ್ಕೆ ಹೊಡೆಯುತ್ತದೆ. ಅದರ ಹಿಂದೆ ನಿಮ್ಮ ಎರಡು ತೋಳೂ ಹೋಗುತ್ತವೆ. ಮೂತಿ ಮೊದಲೇ ಮರಕ್ಕೆ ಆನಿಕೊಂಡಿದ್ದರೆ ಎಳೆತವನ್ನು ಮರವೇ ತಡೆಯುತ್ತದೆ, ನಿಮ್ಮ ತೋಳಿಗೆ ಕೆಲಸ ಇಲ್ಲ. ಸ್ಪೈಕಿನ ಮೊದಲ ಉಪಯೋಗ ಇದು. ಮೊನೆ ಮರಕ್ಕೆ ಊರುವುದರಿಂದ ಮಿಷನ್ ಮೇಲಕ್ಕೂ ಕೆಳಕ್ಕೂ ಜಾರುವುದಿಲ್ಲ.

ಎರಡನೇ ಉಪಯೋಗ ತಿರುಗಣೆ. ಹಾರೆಯ ಕೆಳಗೆ ಸಣ್ಣ ಕಲ್ಲು ಕೊಟ್ಟು ದೊಡ್ಡ ಬಂಡೆ ಮೀಟುತ್ತೇವಲ್ಲ, ಆ ಸಣ್ಣ ಕಲ್ಲಿನ ಜಾಗದಲ್ಲಿ ಇಲ್ಲಿ ಸ್ಪೈಕ್ ಇರುತ್ತದೆ. ಮೊನೆ ಊರಿ ಹಿಂದಿನ ಹಿಡಿಯನ್ನು ಮೇಲಕ್ಕೆತ್ತಿದರೆ ಬಾರ್ ಕೆಳಗೆ ಇಳಿಯುತ್ತದೆ. ನನ್ನ ಮಧ್ಯಮ ಗಾತ್ರದ ಮಿಷನ್ನಿನಲ್ಲಿ ಮೊನೆಯಿಂದ ಹಿಂದಿನ ಹಿಡಿಗೆ ಹೆಚ್ಚುಕಮ್ಮಿ 36 ಸೆಂ.ಮೀ. ಇದೆ. ಮೊನೆಯಿಂದ 18 ಸೆಂ.ಮೀ. ದೂರದಲ್ಲಿ ಚೈನ್ ಮರ ತಿನ್ನುತ್ತಿದ್ದರೆ ನಾನು 5 ಕಿಲೋ ಬಲದಲ್ಲಿ ಹಿಡಿ ಎತ್ತಿದಾಗ ಅಲ್ಲಿ 10 ಕಿಲೋ ಒತ್ತಡ ಬೀಳುತ್ತದೆ. ಬುಡದ ಹತ್ತಿರ ಇನ್ನೂ ಜಾಸ್ತಿ, ತುದಿಯ ಹತ್ತಿರ ಕಡಿಮೆ. ಇಡೀ ದಿನ ದಪ್ಪ ದಿಮ್ಮಿ ತುಂಡು ಮಾಡುವವರಿಗೆ ಸಂಜೆ ಸೊಂಟ ನೆಟ್ಟಗೆ ಇರುತ್ತದೋ ಇಲ್ಲವೋ ಅನ್ನುವುದು ಬಹಳಮಟ್ಟಿಗೆ ಇದರ ಮೇಲೆ ನಿಂತಿದೆ.

ಇನ್ನು ಅದು ಮಾಡದ ಕೆಲಸ. ಸ್ಪೈಕ್ ಕಿಕ್‌ಬ್ಯಾಕ್ ತಡೆಯುವುದಿಲ್ಲ. ಬಾರ್ ತುದಿಯ ಮೇಲಿನ ಕಾಲುಭಾಗ ಏನಕ್ಕಾದರೂ ತಾಗಿದರೆ ಬಾರ್ ಮೇಲಕ್ಕೆ, ನಿಮ್ಮ ಮುಖದ ಕಡೆಗೆ ಎಗರುತ್ತದೆ. ಆಗ ಸ್ಪೈಕ್ ಎಷ್ಟು ದೊಡ್ಡದಿದ್ದರೂ ಪ್ರಯೋಜನ ಇಲ್ಲ. ಅದಕ್ಕೆ ಚೈನ್ ಬ್ರೇಕ್ ಇದೆ, ಮುಂದಿನ ಹಿಡಿಯನ್ನು ಹೆಬ್ಬೆರಳು ಸುತ್ತಿ ಹಿಡಿಯುವ ಎಡಗೈ ಇದೆ. ಬಾರ್‌ನ ಮೇಲ್ಬದಿಯಿಂದ, ಅಂದರೆ ದಿಮ್ಮಿಯ ಕೆಳಗಿನಿಂದ ಮೇಲಕ್ಕೆ ಕೊಯ್ಯುವಾಗಲೂ ಸ್ಪೈಕ್ ಲೆಕ್ಕಕ್ಕಿಲ್ಲ. ಅಲ್ಲಿ ಚೈನ್ ಮಿಷನ್ನನ್ನು ನಿಮ್ಮ ಕಡೆಗೆ ತಳ್ಳುತ್ತದೆ. ತಡೆಯುವುದಕ್ಕೆ ನಿಮ್ಮ ತೋಳು, ತೊಡೆ ಮಾತ್ರ.

ಮೀಟುವುದಕ್ಕೂ ದಬ್ಬುವುದಕ್ಕೂ ನಡುವೆ

ಬಲ ದುಪ್ಪಟ್ಟಾಗುತ್ತದೆ ಅಂದೆನಲ್ಲ, ತೊಂದರೆ ಶುರುವಾಗುವುದೂ ಅಲ್ಲೇ. ಚೈನ್ ಮೊಂಡಾಗಿದೆ, ಮರ ಇಳಿಯುತ್ತಿಲ್ಲ. ಅರ ತೆಗೆದು ಹಲ್ಲು ಹರಿತ ಮಾಡುವ ಬದಲು ಸ್ಪೈಕ್ ಊರಿ ಹಿಡಿಯನ್ನು ಇನ್ನಷ್ಟು ಎತ್ತುತ್ತಾರೆ. ಮರ ಇಳಿದ ಹಾಗೆ ಕಾಣುತ್ತದೆ. ಆದರೆ ಬಾರ್‌ನ ಕೆಳಗಿನ ಅಂಚು ಬಿಸಿಯಾಗಿ ನೀಲಿ ಬಣ್ಣಕ್ಕೆ ತಿರುಗುತ್ತದೆ, ಕ್ಲಚ್ ಜಾರುತ್ತದೆ, ಸೀಳಿನಿಂದ ಹೊಗೆ ಬರುತ್ತದೆ.

ಒಬ್ಬರು ಒಂದು ಮಿಷನ್ ತಂದಿದ್ದರು. ಬಾರ್ 18 ಇಂಚು, ಎರಡೂ ಕಡೆ ಉದ್ದನೆಯ ಸ್ಪೈಕ್, ಹೊಸದಾಗಿ ಹಾಕಿಸಿದ್ದು. ದೂರು ಏನೆಂದರೆ ಸ್ಪೈಕ್ ಹಾಕಿಸಿದ ಮೇಲೆ ಮಿಷನ್ ಅಡ್ಡಡ್ಡ ಕೊಯ್ಯುತ್ತದೆ, ಸೀಳು ಬಲಕ್ಕೆ ಸೊಟ್ಟ ಹೋಗುತ್ತದೆ ಅಂತ. ಚೈನ್ ಬಿಚ್ಚಿ ಬಾರನ್ನು ಬೆಳಕಿಗೆ ಹಿಡಿದೆ. ಕೆಳಗಿನ ಅಂಚಿನ ಎರಡು ಹಳಿಗಳಲ್ಲಿ ಒಂದು ಸವೆದು ಇನ್ನೊಂದಕ್ಕಿಂತ ತಗ್ಗಾಗಿತ್ತು. ಬೆರಳಿನಿಂದ ಸವರಿದರೆ ಸಾಕು, ಮೆಟ್ಟಿಲು ಗೊತ್ತಾಗುತ್ತಿತ್ತು. ಹಳಿಯ ಹೊರ ಅಂಚಿನಲ್ಲಿ ಕಬ್ಬಿಣ ಹಿಂಡಿಕೊಂಡು ಬ್ಲೇಡಿನಷ್ಟು ತೆಳ್ಳಗೆ ಆಚೆ ಬಂದಿತ್ತು. ಚೈನಿನ ಹಲ್ಲುಗಳಲ್ಲಿ ಒಂದು ಬದಿಯವು ಕಲ್ಲಿಗೆ ತಾಗಿ ಮೂಲೆ ಕಳೆದುಕೊಂಡಿದ್ದವು. ಇದರಲ್ಲಿ ಸ್ಪೈಕಿನ ತಪ್ಪು ಏನೂ ಇಲ್ಲ. ಒಂದು ಬದಿ ಮೊಂಡಾದ ಚೈನನ್ನು ಆ ಉದ್ದನೆಯ ಸ್ಪೈಕಿನ ಬಲದಲ್ಲಿ ವಾರಗಟ್ಟಲೆ ಮರಕ್ಕೆ ಒತ್ತಿದ್ದರು, ಅಷ್ಟೆ. ಮೊದಲಾಗಿದ್ದರೆ ತೋಳು ಸೋತು ನಿಲ್ಲಿಸುತ್ತಿದ್ದರು. ಸ್ಪೈಕ್ ಬಂದ ಮೇಲೆ ತೋಳು ಸೋಲಲಿಲ್ಲ, ಬಾರ್ ಸೋತಿತು.

ಹಾಗಾಗಿ ಒಂದು ಪರೀಕ್ಷೆ ಇಟ್ಟುಕೊಳ್ಳಿ. ಚೈನ್ ಹರಿತ ಇದ್ದರೆ ಮಿಷನ್ನಿನ ಸ್ವಂತ ಭಾರಕ್ಕೇ ಮರ ಇಳಿಯಬೇಕು. ಬೀಳುವುದು ಚಕ್ಕೆ ಆಗಿರಬೇಕು, ಹಿಟ್ಟಿನಂಥ ಹುಡಿ ಅಲ್ಲ. ಹುಡಿ ಬೀಳುತ್ತಿದ್ದರೆ ಹಿಡಿ ಎತ್ತಬೇಡಿ, ಎಂಜಿನ್ ನಿಲ್ಲಿಸಿ ಅರ ಹಿಡಿಯಿರಿ.

ಇದರ ಉಲ್ಟಾ ಇನ್ನೊಂದಿದೆ. ಹಲ್ಲಿನ ಮುಂದೆ, ಅದು ಎಷ್ಟು ಆಳ ಕಚ್ಚಬೇಕು ಅಂತ ಮಿತಿ ಹಾಕುವ ಡೆಪ್ತ್ ಗೇಜ್ ಇರುತ್ತದೆ. ಅದನ್ನು ಕೆಲವರು ಜಾಸ್ತಿ ಕೊಯ್ಯಲಿ ಅಂತ ಮಿತಿಮೀರಿ ಉಜ್ಜಿಬಿಡುತ್ತಾರೆ. 3/8 ಚೈನಿಗೆ ಅದು ಹಲ್ಲಿನ ಮೊನೆಗಿಂತ 0.65 ಮಿ.ಮೀ. ತಗ್ಗಿದ್ದರೆ ಸಾಕು. ಅದಕ್ಕಿಂತ ತುಂಬಾ ತಗ್ಗಾದರೆ ಚೈನ್ ಮರವನ್ನು ಕೊಯ್ಯುವುದಿಲ್ಲ, ಕಚ್ಚಿ ಎಳೆಯುತ್ತದೆ. ಮಿಷನ್ ಧಡಧಡ ಅಂತ ಸ್ಪೈಕ್ ಮೇಲೆ ಬಡಿಯುತ್ತಿದ್ದರೆ ಸ್ಪೈಕ್ ಬದಲಿಸುವ ಮೊದಲು ಇದನ್ನು ನೋಡಿ.

ದಿಮ್ಮಿ ತುಂಡು ಮಾಡುವಾಗ

ದಿಮ್ಮಿ ಉರುಳದಂತೆ ಎರಡು ಕಡೆ ಬೆಣೆ ಕೊಡಿ. ಬಾರ್ ಓಡಾಡುವ ಗೆರೆಯ ಎಡಕ್ಕೆ ನಿಲ್ಲಿ. ಆ ಗೆರೆಯ ಮೇಲೆ ತಲೆ, ಭುಜ ಇರಬಾರದು. ಚೈನ್ ಪೂರ್ತಿ ವೇಗಕ್ಕೆ ಬಂದ ಮೇಲೆ, ಬಾರ್‌ನ ಬುಡದ ಭಾಗವನ್ನು ದಿಮ್ಮಿಗೆ ತಾಗಿಸುತ್ತಲೇ ಸ್ಪೈಕನ್ನು ನಿಮ್ಮ ಕಡೆಯ ಬದಿಗೆ ಊರಿ. ಚೈನ್ ನಿಂತಿರುವಾಗ ಮರದ ಮೇಲಿಟ್ಟು ಆಮೇಲೆ ಆಕ್ಸಿಲರೇಟರ್ ಒತ್ತಬೇಡಿ. ಮಿಷನ್ ಜಿಗಿಯುತ್ತದೆ.

ಈಗ ಹಿಂದಿನ ಹಿಡಿಯನ್ನು ನಿಧಾನ ಮೇಲಕ್ಕೆತ್ತಿ. ಬಾರ್ ತುದಿ ದಿಮ್ಮಿಯ ಆಚೆ ಬದಿಯನ್ನು ತಿನ್ನುತ್ತಾ ಇಳಿಯುತ್ತದೆ. ಮುಂದಿನ ಕೈ ಒತ್ತುವುದು ಬೇಡ, ದಾರಿ ತೋರಿಸಿದರೆ ಸಾಕು. ಆಚೆ ಬದಿ ಒಂದು ಹಂತಕ್ಕೆ ಇಳಿದ ಮೇಲೆ ಮೊನೆಯನ್ನು ಮರದಿಂದ ಸ್ವಲ್ಪ ಬಿಡಿಸಿ, ಹಿಂದಿನ ಹಿಡಿ ತಗ್ಗಿಸಿ, ಮೂತಿಯನ್ನು ಎರಡು ಮೂರು ಬೆರಳು ಕೆಳಗೆ ಇಳಿಸಿ ಮತ್ತೆ ಊರಿ. ಈ ಸಲ ಈಚೆ ಬದಿ ಇಳಿದಿರುತ್ತದೆ. ಮತ್ತೆ ಎತ್ತಿ. ಹೀಗೆ ಆಚೆ ಒಂದು ಸಲ, ಈಚೆ ಒಂದು ಸಲ. ಚೈನ್ ಯಾವ ಹೊತ್ತಿನಲ್ಲೂ ದಿಮ್ಮಿಯ ಪೂರ್ತಿ ಅಗಲವನ್ನು ಒಟ್ಟಿಗೆ ತಿನ್ನುತ್ತಿರುವುದಿಲ್ಲ, ಅದಕ್ಕೇ ಎಂಜಿನ್ನಿಗೂ ಹಗುರ.

ಕೊನೆಯ ಎರಡು ಬೆರಳು ಉಳಿದಾಗ ಮೀಟುವುದನ್ನು ಬಿಟ್ಟುಬಿಡಿ. ಅಲ್ಲಿಯವರೆಗೆ ಮಿಷನ್ನಿನ ಭಾರವನ್ನು ಸೀಳಿನೊಳಗಿನ ಬಾರ್ ಹೊತ್ತಿರುತ್ತದೆ. ತುಂಡು ಬಿದ್ದ ಕೂಡಲೇ ಅಷ್ಟೂ ಭಾರ ನಿಮ್ಮ ಕೈಗೆ ಬರುತ್ತದೆ. ಇನ್ನೂ ಮೀಟುತ್ತಲೇ ಇದ್ದರೆ ಬಾರ್ ನೇರ ನೆಲಕ್ಕೋ ಕಾಲಿಗೋ ಇಳಿಯುತ್ತದೆ. ನೆಲಕ್ಕೆ ಒಂದು ಸಲ ತಾಗಿದರೆ ಹರಿತ ಮಾಡಿದ ಚೈನ್ ಕಥೆ ಮುಗಿಯಿತು, ಕಾಲಿನ ಮಾತು ಬೇರೆ.

ಇನ್ನೊಂದು ಮಾತು. ದಿಮ್ಮಿಯ ಎರಡೂ ತುದಿಗೆ ಆಸರೆ ಇದ್ದು ನಡುಭಾಗ ತೂಗುತ್ತಿದ್ದರೆ ಮೇಲಿನಿಂದ ಕೊಯ್ದಾಗ ಸೀಳು ಮುಚ್ಚಿಕೊಂಡು ಬಾರ್ ಕಚ್ಚಿಕೊಳ್ಳುತ್ತದೆ. ಆಗ ಸ್ಪೈಕ್ ಊರಿ ಮೀಟಿ ಬಿಡಿಸಲು ಹೋಗಬೇಡಿ, ಬಾರ್ ಬಾಗುತ್ತದೆ. ಎಂಜಿನ್ ನಿಲ್ಲಿಸಿ, ಸೀಳಿಗೆ ಬೆಣೆ ಹೊಡೆದು ಬಾಯಿ ಬಿಡಿಸಿ.

ನಿಂತ ಮರ ಉರುಳಿಸುವಾಗ

ಮರ ಕಡಿಯುವ ಪೂರ್ತಿ ಪಾಠ ಇಲ್ಲಿ ಹೇಳುತ್ತಿಲ್ಲ. ಅದನ್ನು ಗೊತ್ತಿದ್ದವರ ಪಕ್ಕ ನಿಂತೇ ಕಲಿಯಬೇಕು. ಸ್ಪೈಕ್ ಎಲ್ಲಿ ಕೂರಬೇಕು ಅನ್ನುವುದನ್ನಷ್ಟೇ ಹೇಳುತ್ತೇನೆ.

50 ಸೆಂ.ಮೀ. ದಪ್ಪದ ಮರ ಅಂದುಕೊಳ್ಳಿ. ಬೀಳಬೇಕಾದ ಕಡೆಗೆ ಮಾಡುವ ಬಾಯಿ ಮರದ ಐದನೇ ಒಂದರಿಂದ ನಾಲ್ಕನೇ ಒಂದು ಭಾಗದಷ್ಟು, ಅಂದರೆ 10ರಿಂದ 12 ಸೆಂ.ಮೀ. ಆಳ. ಅದರ ಹಿಂದೆ ಕೊಯ್ಯದೆ ಉಳಿಸುವ ಕೀಲು ಹತ್ತನೇ ಒಂದು ಭಾಗ, ಅಂದರೆ 5 ಸೆಂ.ಮೀ. ಮರ ಬೀಳುವ ದಿಕ್ಕನ್ನು ಹಿಡಿದಿಡುವುದು ಈ ಕೀಲು. ಹಿಂದಿನಿಂದ ಕೊಯ್ಯುವಾಗ ಸ್ಪೈಕನ್ನು ಈ ಕೀಲಿನ ಜಾಗದ ಪಕ್ಕದಲ್ಲೇ, ಅದರ ಸ್ವಲ್ಪ ಹಿಂದೆ ತೊಗಟೆಗೆ ಊರಬೇಕು. ಆ ಮೊನೆಯ ಸುತ್ತ ಮಿಷನ್ ತಿರುಗಿಸಿದರೆ ಬಾರ್ ಮರದ ಹಿಂಭಾಗವನ್ನು ಬೀಸಣಿಗೆ ಬಿಡಿಸಿದಂತೆ ಕೊಯ್ಯುತ್ತಾ ಕೀಲಿನ ಗೆರೆಗೆ ಬಂದು ನಿಲ್ಲುತ್ತದೆ. ಸ್ಪೈಕ್ ಜಾಗ ಸರಿ ಇದ್ದರೆ ನಿಮ್ಮ ಕಡೆಯ ಕೀಲು ಅಕಸ್ಮಾತ್ ತುಂಡಾಗುವುದಿಲ್ಲ, ಯಾಕೆಂದರೆ ಮೊನೆ ಅಲ್ಲಿಂದ ಮುಂದಕ್ಕೆ ಹೋಗುವುದಕ್ಕೆ ಬಿಡುವುದಿಲ್ಲ. ಸ್ಪೈಕ್ ಇಲ್ಲದ ಮಿಷನ್ನಿನಲ್ಲಿ ಇದನ್ನು ಬರೀ ಕಣ್ಣಳತೆಯಲ್ಲಿ ಮಾಡಬೇಕು.

ಮರ ಬಾರ್‌ಗಿಂತ ದಪ್ಪ ಇದ್ದರೆ ಸ್ಪೈಕನ್ನು ಹಂತ ಹಂತವಾಗಿ ಸುತ್ತ ಸರಿಸುತ್ತಾ ಹೋಗಬೇಕಾಗುತ್ತದೆ. ಸರಿಸುವಾಗ ಬಾರನ್ನು ಸೀಳಿನಿಂದ ಆಚೆ ತೆಗೆಯಬೇಡಿ, ಒಳಗೇ ಇರಲಿ. ಪ್ರತಿ ಸಲ ತೆಗೆದು ಹಾಕಿದರೆ ಸೀಳು ಒಂದೇ ಮಟ್ಟದಲ್ಲಿ ಬರುವುದಿಲ್ಲ. ಎಷ್ಟು ಕಡಿಮೆ ಸಲ ಜಾಗ ಬದಲಿಸುತ್ತೀರೋ ಅಷ್ಟು ಒಳ್ಳೆಯದು.

ಕೆಲಸ ಮುಗಿದ ಮೇಲೆ ಬುಡದ ತೊಗಟೆಯ ಮೇಲೆ ಮೊನೆ ಊರಿದ ಗುರುತು ನೋಡುವ ಅಭ್ಯಾಸ ನನಗಿದೆ. ದುಂಡನೆಯ ಗುಣಿಗಳು ಸಾಲಾಗಿ ಇದ್ದರೆ ಮೊನೆ ಹಿಡಿದಿತ್ತು ಅಂತ. ಗುಣಿಯಿಂದ ಉದ್ದನೆಯ ಗೀರು ಹೊರಟಿದ್ದರೆ ಮೊನೆ ಜಾರಿದೆ. ಒಂದೋ ಮೊಂಡಾಗಿದೆ, ಇಲ್ಲಾ ಈ ಮರದ ತೊಗಟೆಗೆ ಅದು ಗಿಡ್ಡ. ಇಲ್ಲಿಂದಲೇ ಆಯ್ಕೆಯ ಮಾತು ಶುರು.

ಯಾವುದು ಹಾಕಬೇಕು

ನೋಡಬೇಕಾದ್ದು ಮೂರು: ತೊಗಟೆ, ಬಾರ್ ಉದ್ದ, ಕೆಲಸದ ರೀತಿ. ಎಂಜಿನ್ ಸಿಸಿ ಆಮೇಲೆ.

ತೊಗಟೆಯಿಂದ ಶುರು ಮಾಡೋಣ. ಮೊನೆ ತೊಗಟೆ ದಾಟಿ ಮರಕ್ಕೆ ಸಿಕ್ಕರೆ ಮಾತ್ರ ಗಟ್ಟಿ ಹಿಡಿತ. ವಯಸ್ಸಾದ ಪೈನ್ ಮರದ ತೊಗಟೆ ದಪ್ಪ, ಪದರ ಪದರ. ಅದು 3 ಸೆಂ.ಮೀ. ಇದ್ದು ನಿಮ್ಮ ಮೊನೆ 2 ಸೆಂ.ಮೀ. ಇದ್ದರೆ ನೀವು ಊರುತ್ತಿರುವುದು ಬರೀ ತೊಗಟೆಗೆ. ಬಲ ಕೊಟ್ಟಾಗ ಆ ಪದರ ಕಿತ್ತು ಬರುತ್ತದೆ, ಮಿಷನ್ ತಟಕ್ಕನೆ ಜಾರುತ್ತದೆ. ಇಂಥ ಮರಕ್ಕೆ ಉದ್ದನೆಯ ಮೊನೆ ಬೇಕು. ನೀಲಗಿರಿಯಂಥ ನುಣುಪು ಮೈಯ ಮರಕ್ಕೆ, ತೊಗಟೆ ತೆಗೆದ ದಿಮ್ಮಿಗೆ ಗಿಡ್ಡ ಮೊನೆ ಸಾಕು. ಗಟ್ಟಿ ಮರದಲ್ಲಿ ಉದ್ದ ಮೊನೆ ಹೇಗಿದ್ದರೂ ಪೂರ್ತಿ ಇಳಿಯುವುದಿಲ್ಲ. ಉಳಿದ ಉದ್ದ ಸುಮ್ನೆ ಆಚೆ ನಿಲ್ಲುತ್ತದೆ.

ಆಚೆ ನಿಂತರೆ ಏನು ನಷ್ಟ? ಬಾರ್ ಉದ್ದ ಹೋಗುತ್ತದೆ. ಬಹಳ ಜನ ಗಮನಿಸದ ಲೆಕ್ಕ ಇದು. 16 ಇಂಚಿನ ಬಾರ್ ಅಂದರೆ ಸುಮಾರು 40 ಸೆಂ.ಮೀ. ಮೊನೆ 3 ಸೆಂ.ಮೀ. ಉದ್ದ ಇದ್ದು ಮರದೊಳಗೆ 1 ಸೆಂ.ಮೀ. ಮಾತ್ರ ಇಳಿದರೆ ಉಳಿದ 2 ಸೆಂ.ಮೀ. ಬಾರ್ ಮರಕ್ಕೂ ಮಿಷನ್ನಿಗೂ ನಡುವೆ ಗಾಳಿಯಲ್ಲಿದೆ. 40 ಸೆಂ.ಮೀ. ಹೋಗಿ 38 ಉಳಿಯಿತು. ನೀವು ಕೊಯ್ಯುವ ದಿಮ್ಮಿಯೂ 38 ಸೆಂ.ಮೀ. ದಪ್ಪ ಇದ್ದರೆ ಬಾರ್ ತುದಿ ಆಚೆ ಬದಿಯಿಂದ ಹೊರಗೆ ಇಣುಕುವ ಬದಲು ಮರದೊಳಗೇ ಹೂತುಹೋಗುತ್ತದೆ. ತುದಿ ಕಾಣದಿದ್ದರೆ ಅದು ಯಾವುದಕ್ಕೆ ತಾಗುತ್ತಿದೆ ಅಂತ ಗೊತ್ತಾಗುವುದಿಲ್ಲ. ಕಿಕ್‌ಬ್ಯಾಕ್ ಭಯ ಇರುವುದು ಅಲ್ಲೇ. 24 ಇಂಚಿನ ಬಾರ್‌ನಲ್ಲಿ ಈ 2 ಸೆಂ.ಮೀ. ದೊಡ್ಡದಲ್ಲ. 14 ಅಥವಾ 16ರಲ್ಲಿ ದೊಡ್ಡದು. ಸಣ್ಣ ಮಿಷನ್ನಿಗೆ ದೊಡ್ಡ ಸ್ಪೈಕ್ ಬೇಡ ಅಂತ ನಾನು ಹಠ ಹಿಡಿಯುವುದು ಇದಕ್ಕೇ. ನಿಮ್ಮ ಮಿಷನ್ನಿನಲ್ಲಿ ಟೇಪ್ ಹಿಡಿದು ಮೊನೆಯಿಂದ ಬಾರ್ ತುದಿಗೆ ಒಂದು ಸಲ, ಮೊನೆಗಳ ಬುಡದಿಂದ ಇನ್ನೊಂದು ಸಲ ಅಳೆದು ನೋಡಿ. ಎರಡರ ನಡುವಿನ ವ್ಯತ್ಯಾಸ ಎಷ್ಟಿದೆಯೋ ಅಷ್ಟು ನಿಮ್ಮ ಕೈ ಬಿಟ್ಟುಹೋಗಬಹುದಾದ ಬಾರ್.

ಮೂರನೆಯದು ಕೆಲಸ. ಬಿದ್ದ ಮರದ ಕೊಂಬೆ ಸವರುವುದೇ ಜಾಸ್ತಿ ಇದ್ದರೆ ಸಣ್ಣ ಸ್ಪೈಕ್ ಇರಲಿ. ಕೊಂಬೆ ಸವರುವಾಗ ಮಿಷನ್ನನ್ನು ಕಾಂಡದ ಮೇಲೆ ಆನಿಸಿ ಜಾರಿಸಿಕೊಂಡು ಹೋಗುತ್ತೇವೆ. ಉದ್ದ ಮೊನೆ ಪ್ರತಿ ಗಂಟಿಗೂ, ಪ್ರತಿ ಚಿಗುರಿಗೂ ಸಿಕ್ಕಿಕೊಳ್ಳುತ್ತದೆ. ಮರ ಹತ್ತಿ ಕೆಲಸ ಮಾಡುವವರಿಗೂ ಅಷ್ಟೇ. ಅವರ ಪುಟ್ಟ ಮಿಷನ್ನುಗಳಲ್ಲಿ ಹೆಸರಿಗೆ ಎರಡು ಗಿಡ್ಡ ಮೊನೆ ಇರುತ್ತವೆ, ಅದು ಸರಿಯಾಗಿಯೇ ಇದೆ. ಹಗ್ಗದ ಹತ್ತಿರ ಉದ್ದನೆಯ ಮುಳ್ಳು ಯಾರಿಗೆ ಬೇಕು? ದಿಮ್ಮಿಯನ್ನು ಉದ್ದಕ್ಕೆ ಸೀಳಿ ಹಲಗೆ ಮಾಡುವವರು ಸ್ಪೈಕನ್ನು ಪೂರ್ತಿ ಬಿಚ್ಚಿಡುತ್ತಾರೆ. ಬಾರ್‌ಗೆ ಹಾಕುವ ಚೌಕಟ್ಟು ಬುಡದವರೆಗೂ ಸರಿಯಬೇಕು, ಸ್ಪೈಕ್ ಇದ್ದರೆ ಅಷ್ಟು ಹಲಗೆಯ ಅಗಲ ಹೋಯಿತು. ಪೀಠೋಪಕರಣಕ್ಕೆ ಹೋಗುವ ಒಳ್ಳೆಯ ದಿಮ್ಮಿಯನ್ನು ಅಳತೆಗೆ ಕತ್ತರಿಸುವಾಗ ಮೊನೆಯ ಗುಣಿ ಬೀಳುವ ಬದಿ ಯಾವ ತುಂಡಿಗೆ ಹೋಗುತ್ತದೆ ಅಂತಲೂ ಒಮ್ಮೆ ಯೋಚಿಸಿ.

ಇನ್ನು ಒಂದು ಕಡೆಯಾ, ಎರಡೂ ಕಡೆಯಾ ಅನ್ನುವ ಪ್ರಶ್ನೆ. ಬಾರ್ ಮಿಷನ್ನಿನ ಬಲಬದಿಯಲ್ಲಿದೆ ಅಲ್ವಾ. ಒಳಗಿನ ಸ್ಪೈಕ್ ಬಾರ್‌ಗೂ ಎಂಜಿನ್ನಿಗೂ ನಡುವಿನ ಬದಿಯಲ್ಲಿ ಎಂಜಿನ್ ಮೈಗೇ ಕೂರುತ್ತದೆ. ಹೊರಗಿನದು ಬಾರ್‌ನ ಆಚೆ, ಕ್ಲಚ್ ಕವರ್ ಮೇಲೆ. ಒಂದೇ ಇದ್ದಾಗ ಜೋರಾಗಿ ಮೀಟಿದರೆ ಮಿಷನ್ ಆ ಒಂದು ಬಿಂದುವಿನ ಮೇಲೆ ಸ್ವಲ್ಪ ಪಕ್ಕಕ್ಕೆ ಹೊರಳಲು ನೋಡುತ್ತದೆ. ಎರಡಿದ್ದರೆ ಬಾರ್ ನಡುವೆ ನೆಟ್ಟಗೆ ನಿಲ್ಲುತ್ತದೆ. 40 ಸಿಸಿ ಆಸುಪಾಸಿನ, 14ರಿಂದ 16 ಇಂಚಿನ ಮಿಷನ್ನಿಗೆ ಕಂಪನಿಯಿಂದ ಬಂದ ಒಂದು ಸ್ಪೈಕ್ ಸಾಕು. 50ರಿಂದ 60 ಸಿಸಿ, 18ರಿಂದ 20 ಇಂಚಿನಲ್ಲಿ ಉಕ್ಕಿನ ಒಳ ಸ್ಪೈಕ್ ಒಂದು ಗಟ್ಟಿ ಇರಲಿ. ದಿನವೂ ದಪ್ಪ ದಿಮ್ಮಿ ಇದ್ದರೆ ಹೊರಗಿನದನ್ನೂ ಹಾಕಿಸಿ. 70 ಸಿಸಿ ಮೇಲೆ, 24 ಇಂಚು ಅಥವಾ ಅದಕ್ಕಿಂತ ಉದ್ದದ ಬಾರ್ ಇದ್ದರೆ ಎರಡೂ ಬೇಕೇ ಬೇಕು, ಅದರಲ್ಲಿ ನನಗೆ ಅನುಮಾನ ಇಲ್ಲ.

ಸಣ್ಣ ಮಿಷನ್ನುಗಳಲ್ಲಿ, ಬ್ಯಾಟರಿಯವುಗಳಲ್ಲೂ, ಕೆಲವೊಮ್ಮೆ ಮೈಯಲ್ಲೇ ಅಚ್ಚಾದ ಪ್ಲಾಸ್ಟಿಕ್ ಮೊನೆ ಇರುತ್ತದೆ. ಸೌದೆ ಕೊಯ್ಯಲು ಅದು ಸಾಕು, ಕೀಳಾಗಿ ನೋಡಬೇಡಿ. ಅದಕ್ಕೆ ಲೋಹದ್ದು ಹಾಕುವ ಆಸೆ ಇದ್ದರೆ ಮೈಯಲ್ಲಿ ಸ್ಕ್ರೂ ತೂತು ಮೊದಲೇ ಇದೆಯಾ ನೋಡಿ. ಇಲ್ಲದಿದ್ದರೆ ಅಲ್ಲಿಗೇ ಬಿಡಿ. ನೀವೇ ಡ್ರಿಲ್ ಹಿಡಿದು ತೂತು ಹಾಕಬೇಡಿ. ದೊಡ್ಡ ಮಿಷನ್ನುಗಳ ಎಂಜಿನ್ ಮೈ ಸಾಮಾನ್ಯವಾಗಿ ಮೆಗ್ನೀಸಿಯಂ ಮಿಶ್ರಲೋಹ. ತೂತು ಹಾಕಿದರೆ ಬಿರುಕು ಬಿಡಬಹುದು, ಅದರ ಪುಡಿಗೆ ಕಿಡಿ ತಾಗಿದರೆ ಉರಿಯುತ್ತದೆ ಕೂಡ.

ಕೊಳ್ಳುವಾಗ ಮಿಷನ್ನಿನ ಮಾಡೆಲ್ ನಂಬರ್ ಹೇಳಿಯೇ ಕೊಳ್ಳಿ. ಸ್ಕ್ರೂ ತೂತುಗಳ ನಡುವಿನ ಅಂತರ ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. ಕೈಯಲ್ಲಿ ಹಿಡಿದು ಬಗ್ಗಿಸಿದರೆ ಬಳುಕುವ ತೆಳು ತಗಡು ಬೇಡ. ಹೊರಗಿನ ಸ್ಪೈಕಿಗೆ ಕವರ್ ಮೇಲೆ ಅದಕ್ಕೆಂದೇ ಮಾಡಿದ ಜಾಗ ಇರಬೇಕು. ಬರೀ ಪ್ಲಾಸ್ಟಿಕ್ ಕವರ್‌ಗೆ ಹಾಕಿದರೆ ಮೊದಲು ಮುರಿಯುವುದು ಕವರ್.

ಹಾಕುವ ಕ್ರಮ

ಪೆಟ್ರೋಲ್ ಮಿಷನ್ ಆದರೆ ಪ್ಲಗ್ ಕ್ಯಾಪ್ ಎಳೆದಿಡಿ, ಬ್ಯಾಟರಿಯದಾದರೆ ಬ್ಯಾಟರಿ ತೆಗೆಯಿರಿ. ಕವರ್, ಚೈನ್, ಬಾರ್ ಬಿಚ್ಚಿ. ಮೂತಿಯ ಮೇಲೆ ಆಯಿಲ್ ಮತ್ತು ಮರದ ಹುಡಿ ಸೇರಿ ಗಟ್ಟಿಯಾಗಿ ಕೂತಿರುತ್ತದೆ. ಅದನ್ನು ಪೂರ್ತಿ ಕೆರೆದು ತೆಗೆಯಿರಿ. ಅದರ ಮೇಲೇ ಸ್ಪೈಕ್ ಕೂರಿಸಿ ಬಿಗಿ ಮಾಡಿದರೆ ಹುಡಿ ಕುಗ್ಗಿದಾಗ ಸ್ಕ್ರೂ ಸಡಿಲ ಆಗುತ್ತದೆ. ಮೂತಿಯ ಕೆಳಗಿರುವ ಸಣ್ಣ ತುಂಡು ಚೈನ್ ಕ್ಯಾಚರ್. ಚೈನ್ ತುಂಡಾದಾಗ ಅಥವಾ ಬಾರ್‌ನಿಂದ ಹಾರಿದಾಗ ಅದು ನಿಮ್ಮ ಕೈಗೆ ಬಡಿಯದಂತೆ ಹಿಡಿಯುವುದು ಆ ತುಂಡು. ಸ್ಪೈಕ್ ಬಿಚ್ಚುವ ಗಡಿಬಿಡಿಯಲ್ಲಿ ಅದನ್ನು ತೆಗೆದು ಪಕ್ಕಕ್ಕೆ ಇಡಬೇಡಿ.

ಸ್ಕ್ರೂ ಉದ್ದದ ಬಗ್ಗೆ ಒಂದು ಸೂಕ್ಷ್ಮ ಇದೆ. ದಪ್ಪ ಸ್ಪೈಕಿಗೆ ಬಂದ ಸ್ಕ್ರೂವನ್ನು ತೆಳು ಸ್ಪೈಕಿಗೆ ಹಾಕಿದರೆ, ಅಥವಾ ಸ್ಪೈಕ್ ತೆಗೆದು ತೂತು ಮುಚ್ಚಲಿ ಅಂತ ಅದೇ ಸ್ಕ್ರೂ ವಾಪಸ್ ಹಾಕಿದರೆ, ಅದು ಹಿಂದಿಗಿಂತ ಒಳಕ್ಕೆ ಹೋಗುತ್ತದೆ. ತೂತಿನ ತಳಕ್ಕೆ ತಾಗಿದ ಮೇಲೂ ತಿರುಗಿಸಿದರೆ ಎಂಜಿನ್ ಮೈ ಒಡೆಯಬಹುದು. ಮೊದಲು ಕೈಯಿಂದಲೇ ತಿರುಗಿಸಿ. ತಲೆ ಕೂರುವ ಮೊದಲೇ ಅದು ತಡೆದರೆ ಗಿಡ್ಡ ಸ್ಕ್ರೂ ಹುಡುಕಿ. ಸ್ಕ್ರೂಗೆ ನೀಲಿ ಬಣ್ಣದ, ಮಧ್ಯಮ ಬಲದ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲ ಆಗದಂತೆ ಹಿಡಿಯುವ ಅಂಟು) ಒಂದು ಹನಿ ಸಾಕು. ಕೆಂಪು ಬೇಡ. ಅದನ್ನು ಮತ್ತೆ ಬಿಚ್ಚಲು ಬಿಸಿ ಮಾಡಬೇಕಾಗುತ್ತದೆ, ಪೆಟ್ರೋಲ್ ಟ್ಯಾಂಕ್ ಇರುವ ಮಿಷನ್ನಿಗೆ ಬೆಂಕಿ ಹಿಡಿಯುವುದು ಯಾಕೆ?

ಬಾರ್, ಚೈನ್ ವಾಪಸ್ ಹಾಕಿ ಟೈಟ್ ಮಾಡಿದ ಮೇಲೆ, ಗ್ಲೌಸ್ ಹಾಕಿಕೊಂಡು, ಚೈನ್ ಬ್ರೇಕ್ ಬಿಡಿಸಿ, ಚೈನನ್ನು ಕೈಯಿಂದ ಒಂದು ಪೂರ್ತಿ ಸುತ್ತು ಎಳೆಯಿರಿ. ಯಾವ ಹಲ್ಲೂ ಸ್ಪೈಕಿಗೆ ಉಜ್ಜಬಾರದು. ಕಿವಿಗೊಟ್ಟು ಕೇಳಿ, ಸಣ್ಣ ಕಿರ್ ಸದ್ದು ಬಂದರೂ ಬಿಚ್ಚಿ ನೋಡಿ. ಹೊರಗಿನ ಸ್ಪೈಕ್ ಹಾಕಿದ್ದರೆ ಚಕ್ಕೆ ಹೊರಬೀಳುವ ದಾರಿಗೆ ಅಡ್ಡ ಬಂದಿದೆಯಾ ಅಂತಲೂ ನೋಡಿ. ಚಕ್ಕೆ ಒಳಗೇ ತುಂಬಿದರೆ ಚೈನ್ ಬಿಗಿಯಾಗುತ್ತದೆ.

ಮೊದಲ ಟ್ಯಾಂಕ್ ಪೆಟ್ರೋಲ್ ಮುಗಿದ ಮೇಲೆ ಸ್ಕ್ರೂಗಳನ್ನು ಒಮ್ಮೆ ಮುಟ್ಟಿ ನೋಡಿ. ಆಮೇಲೆ ಚೈನ್ ಹರಿತ ಮಾಡುವಾಗೆಲ್ಲ ನೋಡಿದರೆ ಸಾಕು.

ಮೊನೆ ಮೊಂಡಾದರೆ ಚಪ್ಪಟೆ ಅರದಲ್ಲಿ ಎರಡು ಸಲ ಉಜ್ಜಿ, ಮೂಲೆ ತೆರೆದರೆ ಸಾಕು. ಸೂಜಿ ಮಾಡಬೇಡಿ. ಸೂಜಿಯಂಥ ಮೊನೆ ಗಟ್ಟಿ ಮರದಲ್ಲಿ ಬೇಗ ಮುರಿಯುತ್ತದೆ, ಅದಕ್ಕಿಂತ ಬೇಗ ನಿಮ್ಮ ತೊಡೆಗೆ ಚುಚ್ಚುತ್ತದೆ. ಗ್ರೈಂಡರ್ ಹಿಡಿಯುವುದೂ ಬೇಡ, ಬಿಸಿಗೆ ಉಕ್ಕಿನ ಹದ ಹೋಗಿ ಮೆತ್ತಗಾಗುತ್ತದೆ. ಬಾಗಿದ ಮೊನೆಯನ್ನು ಸುತ್ತಿಗೆಯಲ್ಲಿ ನೆಟ್ಟಗೆ ಮಾಡುವವರಿದ್ದಾರೆ. ನಾನು ಮಾಡುವುದಿಲ್ಲ, ಹೊಸದು ಹಾಕುತ್ತೇನೆ.

ಹೊತ್ತುಕೊಂಡು ಹೋಗುವಾಗ ಎಂಜಿನ್ ನಿಲ್ಲಿಸಿ, ಬಾರ್‌ಗೆ ಕವಚ ಹಾಕಿ, ಬಾರ್ ಹಿಂದಕ್ಕೆ ಇರುವಂತೆ ಮುಂದಿನ ಹಿಡಿಯಲ್ಲಿ ಹಿಡಿದು ನಡೆಯಿರಿ. ಕವಚ ಚೈನನ್ನು ಮುಚ್ಚುತ್ತದೆ, ಸ್ಪೈಕನ್ನು ಮುಚ್ಚುವುದಿಲ್ಲ. ಭುಜದ ಮೇಲೆ ಹೊತ್ತರೆ ಆ ಮೊನೆ ಇರುವುದು ನಿಮ್ಮ ಕತ್ತಿನ ಪಕ್ಕ. ಗಾಡಿಯಲ್ಲಿ ಹಾಕುವಾಗ ಹಗ್ಗ, ಪೆಟ್ರೋಲ್ ಕ್ಯಾನ್, ಸುರಕ್ಷತಾ ಪ್ಯಾಂಟ್ ಇವುಗಳ ಮೇಲೆ ಮೂತಿ ಬರದ ಹಾಗೆ ಇಡಿ. ಆ ಪ್ಯಾಂಟಿನೊಳಗೆ ಚೈನನ್ನು ಸಿಕ್ಕಿಸಿ ನಿಲ್ಲಿಸುವ ಎಳೆಗಳಿರುತ್ತವೆ. ಸ್ಪೈಕ್ ಹರಿದ ಜಾಗದಲ್ಲಿ ಆ ಎಳೆ ಆಚೆ ಬಂದಿದ್ದರೆ ಆ ಪ್ಯಾಂಟ್ ಬದಲಿಸಿ.